ಸೀರಿಯಲ್ ಬಿಟ್ಟ ಮೇಲೆ ಶಶಿಕಾಂತ್

ನಲವತ್ತೊಂಬತ್ತಕ್ಕೇ ಕೆಲಸ ಬಿಟ್ಟ ಅಂದರೆ ಜನಕ್ಕೆ ತೋಚೋದು ಎರಡೇ, ಒಂದೋ ಇವನನ್ನ ತೆಗೆದುಹಾಕಿದಾರೆ, ಇಲ್ಲವೋ ಒಳಗೊಳಗೇ ಏನೋ ಕಾಯಿಲೆ. ಶಶಿಕಾಂತನಿಗೆ ಎರಡೂ ಅಲ್ಲ. ಇಪ್ಪತ್ತಮೂರು ವರ್ಷ ಟೀವಿ ಸೀರಿಯಲ್ಲುಗಳಿಗೆ ಡೈಲಾಗ್ ಬರೆದು ಹೆಸರು ಮಾಡಿದ್ದ, ಜೆ.ಪಿ. ನಗರದಲ್ಲಿ ಸಾರಕ್ಕಿ ಕಡೆಗೆ ಸ್ವಂತ ಮನೆ ಕಟ್ಟಿದ್ದ. ಇನ್ನು ಸಾಕು ಅಂದವನು ಅವನೇ. ಕೊನೆಯ ದಿನ ಚಾನೆಲ್ಲಿನವರು ಶೂಟಿಂಗ್ ಮನೆಯಲ್ಲೇ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಸೇಬಿನ ಬುಟ್ಟಿ ಕೈಗಿಟ್ಟರು. ಒಬ್ಬ ನಟಿಯಂತೂ ಗ್ಲಿಸರಿನ್ ಇಲ್ಲದೇ ಅತ್ತಳು. ಮನೆಗೆ ಬಂದವನೇ ಬುಟ್ಟಿಯನ್ನ ಡೈನಿಂಗ್ ಟೇಬಲ್ ಮೇಲಿಟ್ಟು, ಇನ್ಮೇಲೆ ನಾನು ಮನೇಲೇ ಕಣೇ ಜಯಾ, ಅಂದ. ಹೆಂಡತಿ ಜಯಶೀಲಾ ಪೇಟದ ಕಡೆ ಒಂದು ಸಲ ನೋಡಿ, ಸೇಬು ತೊಳೆದಿಡಬೇಕಾ ಹಾಗೇ ಇಡಬೇಕಾ ಅಂತ ಕೇಳಿದಳು.

ಅವನ ಲೆಕ್ಕಾಚಾರ ಬೇರೆ ಇತ್ತು ಪಾಪ. ಬೆಳಿಗ್ಗೆ ಇಬ್ಬರೂ ಸಾರಕ್ಕಿ ಕೆರೆ ಸುತ್ತೋದು, ಮಧ್ಯಾಹ್ನ ಊಟ ಆದ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಹರಟೋದು, ಯಾವ ಡೆಡ್‌ಲೈನೂ ಇಲ್ಲದೆ ಹೆಂಡತಿ ಮಾತು ಕೇಳ್ಕೊಂಡು ಕೂತಿರೋದು. ಅದಕ್ಕೇ ಬಿಟ್ಟು ಬಂದದ್ದು ಅವನು. ಆದರೆ ಅವನು ಒಂದನ್ನ ಮರೆತಿದ್ದ. ಈ ಮನೆಯಲ್ಲಿ ಅವನೆದುರಿಗೆ ಯಾರೂ ಬಾಯಿ ಬಿಡೋದಿಲ್ಲ.

ಯಾಕೆ ಅಂತ ಹೇಳಬೇಕು. ನಿಜ ನುಡಿಯೋದಾದರೆ ಈ ಮನುಷ್ಯನಿಗೆ ಕಲ್ಪನೆ ಅಂತ ಅಷ್ಟೇನೂ ಇರಲಿಲ್ಲ. ಇದ್ದದ್ದು ಕಿವಿ. ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು ಬೈದದ್ದು, ಬಸ್ಸಿನಲ್ಲಿ ಕಂಡಕ್ಟರ್ ಗೊಣಗಿದ್ದು, ಎಲ್ಲಾ ಅವನ ತಲೆಯೊಳಗೆ ಹೋಗಿ ಕೂರೋದು. ವಾರಕ್ಕೆ ಆರು ಎಪಿಸೋಡ್ ಬರೀಬೇಕು, ದಿನಾ ಬೆಳಿಗ್ಗೆ ಏಳರೊಳಗೆ ಸೀನ್ ಪೇಪರ್ ಸೆಟ್ಟಿಗೆ ಹೋಗಬೇಕು. ಬೀದಿಯ ಮಾತು ಎಷ್ಟಕ್ಕೆ ಸಾಲುತ್ತೆ? ಅದಕ್ಕೆ ಮನೆಗೇ ಕೈ ಹಾಕಿದ. ಮೊದಮೊದಲು ಜಯಶೀಲಾಗೂ ಅದೊಂದು ಸಂಭ್ರಮವೇ. ಸಾರಿಗೆ ಉಪ್ಪು ಜಾಸ್ತಿಯಾದಾಗ ತಾನು ಆಡಿದ ಮಾತು ರಾತ್ರಿ ಎಂಟೂವರೆಗೆ ಹೀರೋಯಿನ್ ಬಾಯಲ್ಲಿ ಬಂದರೆ ನಗು ತಡೆಯೋಕಾಗದೆ ಉತ್ತರಹಳ್ಳಿಯಲ್ಲಿದ್ದ ತಂಗಿ ಅಂಜನಾಗೆ ಫೋನ್ ಮಾಡಿ, ನೋಡಿದ್ಯೇನೇ, ನನ್ ಮಾತು ಬಂತು, ಅಂತ ಹೇಳ್ಕೊಳ್ಳೋಳು.

ಆ ಸಂಭ್ರಮ ಹನ್ನೆರಡು ವರ್ಷದ ಹಿಂದೆ ಒಂದು ಗುರುವಾರ ಮುಗೀತು. ಅದಕ್ಕೆ ಕೆಲವು ದಿನ ಮುಂಚೆ ಅಂಜನಾ ಮನೆಗೆ ಬಂದಿದ್ದಳು. ಅಡಿಗೆಮನೆಯಲ್ಲಿ ಅಕ್ಕ ತಂಗಿ ನೆಲದ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದಾಗ ಅವಳು ಅಳುತ್ತಾ ಹೇಳಿದಳು, ಗಂಡ ಆಫೀಸಿಗೆ ಹೋಗುವಾಗ ಫ್ರಿಜ್ಜಿಗೆ ಬೀಗ ಹಾಕ್ಕೊಂಡು ಹೋಗ್ತಾನೆ, ನಾನು ಹಾಲಿಗೂ ಅವನ ದಾರಿ ಕಾಯಬೇಕು ಅಕ್ಕ, ಅಂತ. ಹಾಲ್‌ನಲ್ಲಿ ಪೇಪರ್ ಓದೋ ಹಾಗೆ ಕೂತಿದ್ದ ಶಶಿಕಾಂತನ ಕಿವಿಗೆ ಅದು ಬಿತ್ತು. ಹನ್ನೊಂದೇ ದಿನ. ಸೀರಿಯಲ್ಲಿನ ಗಂಡ ಫ್ರಿಜ್ಜಿಗೆ ಬೀಗ ಜಡಿದ, ಹೆಂಡತಿ ಅಂಜನಾಳ ಮಾತನ್ನ ಚಾಚೂ ತಪ್ಪದೆ ಆಡಿದಳು. ಉತ್ತರಹಳ್ಳಿಯಲ್ಲಿ ಅಂಜನಾಳ ಅತ್ತೆಮನೆಯವರೆಲ್ಲಾ ಸಾಲಾಗಿ ಕೂತು ಅದನ್ನೇ ನೋಡ್ತಿದ್ದರು. ಊರಿಗೆಲ್ಲಾ ನಮ್ಮ ಮಾನ ಹರಾಜು ಹಾಕಿದ್ದಾಳೆ ಅಂತ ಆ ರಾತ್ರಿಯೇ ಅವಳನ್ನ ಹೊರಗೆ ಹಾಕಿದರು. ಕೂತು ಮಾತಾಡಿ ಸರಿ ಮಾಡೋಣ ಅಂತ ಹಿರಿಯರು ಹೊರಟಿದ್ದರು, ಅದೂ ನಿಂತುಹೋಯ್ತು. ಅದೇ ವಾರ ಸೀರಿಯಲ್ಲಿನ ರೇಟಿಂಗ್ ಏರಿತು ಅಂತ ಚಾನೆಲ್ಲಿನವರು ಮನೆಗೆ ಎರಡು ಕೇಜಿ ಸ್ವೀಟ್ ಕಳಿಸಿದರು. ಜಯಶೀಲಾ ಡಬ್ಬದ ಮುಚ್ಚಳ ಕೂಡ ತೆಗೆಯದೆ ಕಸದ ಗಾಡಿಯ ಹೆಂಗಸಿಗೆ ಕೊಟ್ಟು ಬಂದಳು.

ಅವಳು ಜಗಳ ಆಡಲಿಲ್ಲ. ಆಡಿದ್ದರೆ ಅದೂ ಟೀವಿಗೆ ಹೋಗ್ತಿತ್ತು ಅಂತ ಅವಳಿಗೆ ಗೊತ್ತಿತ್ತು. ಬದಲಿಗೆ ಬಾಯಿಗೆ ಬೀಗ ಹಾಕ್ಕೊಂಡಳು. ಊಟಕ್ಕೆ ಬನ್ನಿ, ನೀರು ಬಂದಿದೆ, ಗ್ಯಾಸ್ ಬುಕ್ ಮಾಡಿ. ಇಷ್ಟೇ, ಹನ್ನೆರಡು ವರ್ಷ. ಮಗಳು ಮೇಘಶ್ರೀಗೂ ಅದೇ ಅಭ್ಯಾಸ ಆಯ್ತು. ಶಶಿಕಾಂತ ಗಮನಿಸಿದನಾ? ಎಲ್ಲಿಂದ. ನಮ್ಮ ಮನೆಯವಳದು ಒಂದು ಕಿರಿಕಿರಿ ಇಲ್ಲ ಗುರು, ಅಂತ ಸೆಟ್ಟಿನಲ್ಲಿ ಎಲ್ಲರ ಮುಂದೆ ಹೇಳ್ಕೊಂಡು ಓಡಾಡ್ತಿದ್ದ.

ಮನೆಯಲ್ಲಿ ಕೂತ ಮೇಲೆ ಕಣ್ಣು ತೆರೀತು. ಅವನು ಅಡಿಗೆಮನೆಗೆ ಕಾಲಿಟ್ಟರೆ ತಾಯಿ ಮಗಳ ಮಾತು ಅಲ್ಲಿಗೇ ನಿಲ್ಲೋದು. ಕಾಫಿ ಬೇಕಾ ಅಂತ ಜಯಶೀಲಾ ಕೇಳೋಳು, ಬೇಡ ಅಂದರೆ ಅವನು ಹೊರಗೆ ಹೋಗೋವರೆಗೂ ಕುಕ್ಕರಿನ ಸದ್ದು ಮಾತ್ರ. ಒಂದು ದಿನ ಕೂತು ಎಣಿಸಿದ, ಬೆಳಗಿಂದ ಮಲಗೋವರೆಗೆ ಹೆಂಡತಿ ತನ್ನ ಜೊತೆ ಆಡಿದ್ದು ಹತ್ತೊಂಬತ್ತು ಪದ. ವಾಕಿಂಗಿಗೆ ಬಾ ಅಂದರೆ ಮಂಡಿನೋವು ಅನ್ನೋಳು. ಒಂದು ದಿನ ಧೈರ್ಯ ಮಾಡಿ, ನಾನೀಗ ಬರೆಯೋದು ಬಿಟ್ಟಿದೀನಲ್ಲ ಜಯಾ, ಅಂದ. ಹೂಂ, ಗೊತ್ತು, ಅಂತ ಅವಳು ಬಟ್ಟೆ ಮಡಚೋಕೆ ಹೋದಳು.

ಇಷ್ಟೇ ಆಗಿದ್ದರೆ ಒಂದೆರಡು ವರ್ಷ ಕಾದು ಸರಿಮಾಡ್ಕೊಳ್ಳಬಹುದಿತ್ತು. ಆದರೆ ಅವನಿಗೆ ಕಾಯೋಕೆ ಸಮಯ ಇರಲಿಲ್ಲ. ಅದು ಗೊತ್ತಾದದ್ದೂ ಹೊರಗಿನವರಿಂದ. ಕೆರೆಯ ಹತ್ತಿರ ದಿನಾ ಸಿಗೋ ಚಿದಾನಂದ್, ಪಕ್ಕದ ಕ್ರಾಸಿನವರು, ಬ್ಯಾಂಕಿನಿಂದ ರಿಟೈರಾದವರು, ಒಂದು ಬೆಳಿಗ್ಗೆ ನಡೆಯುತ್ತಾ, ಮೇಡಂ ಗಂಟಲು ಈಗ ಹೇಗಿದೆ ಸಾರ್, ಸ್ಕ್ಯಾನಿಂಗ್ ಸೆಂಟರ್ ಹತ್ತಿರ ಎರಡು ಸಲ ನೋಡ್ದೆ, ಅಂತ ಕೇಳಿದರು. ಪರವಾಗಿಲ್ಲ ಅಂತ ತಲೆಯಾಡಿಸಿ ಶಶಿಕಾಂತ ಅರ್ಧ ಸುತ್ತಿಗೇ ಮನೆಗೆ ತಿರುಗಿದ. ಮೆಟ್ಟಿಲಲ್ಲಿ ಸ್ಕೂಟರ್ ಕೀ ಹಿಡಿದು ಇಳೀತಿದ್ದ ಮಗಳನ್ನ ತಡೆದು ನಿಲ್ಲಿಸಿದ.

ಮೇಘಶ್ರೀ ಗೋಡೆ ನೋಡ್ಕೊಂಡೇ ಹೇಳಿದಳು. ಅಮ್ಮನ ಗಂಟಲಲ್ಲಿ ಕ್ಯಾನ್ಸರ್. ಮೂರು ತಿಂಗಳಿಂದ ಧ್ವನಿ ಒಡೀತಾ ಬಂದಿತ್ತು, ತೋರಿಸೋ ಹೊತ್ತಿಗೆ ಧ್ವನಿಪೆಟ್ಟಿಗೆಗೆಲ್ಲಾ ಹಬ್ಬಿತ್ತು. ಪೆಟ್ಟಿಗೆಯನ್ನೇ ತೆಗೀತಾರೆ. ಉಸಿರಾಡೋಕೆ ಕುತ್ತಿಗೆಯಲ್ಲಿ ತೂತು ಮಾಡ್ತಾರೆ. ಆಪರೇಷನ್ನಿಗೆ ಇನ್ನು ಹನ್ನೆರಡು ದಿನ. ಅದಾದ ಮೇಲೆ ಅಮ್ಮ ಮಾತಾಡೋದಿಲ್ಲ.

ನನಗ್ಯಾಕೆ ಹೇಳಲಿಲ್ಲ ಅಂತ ಅವನು ಕೇಳೋ ಮೊದಲೇ ಅವಳೇ ಹೇಳಿದಳು.

"ಅಮ್ಮ ಬೇಡ ಅಂದ್ರು ಅಪ್ಪ. ಇದು ಮೂರು ತಿಂಗಳ ಟ್ರ್ಯಾಕ್ ಆಗುತ್ತೆ ಅಂದ್ರು."

ಟ್ರ್ಯಾಕ್ ಅಂದರೆ ಸೀರಿಯಲ್ಲಿನವರ ಮಾತು, ಒಂದು ಕಷ್ಟ ತಂದಿಟ್ಟು ಅದನ್ನ ಎಷ್ಟು ಎಪಿಸೋಡ್ ಎಳೀಬಹುದೋ ಅಷ್ಟು ಎಳೆಯೋದು. ಮನೆಗೆ ಆ ಪದವನ್ನ ತಂದವನೂ ಇವನೇ. ಶಶಿಕಾಂತ ಮೆಟ್ಟಿಲ ಮೇಲೇ ಕೂತುಬಿಟ್ಟ. ಹೆಂಡತಿಯ ಧ್ವನಿ ಮೂರು ತಿಂಗಳಿಂದ ಒಡೀತಿದೆ, ಊರಿನ ಮಾತೆಲ್ಲಾ ಕೇಳಿಸಿಕೊಳ್ಳೋ ಈ ಕಿವಿಗೆ ಅದು ಬಿದ್ದಿಲ್ಲ. ಬೀಳೋಕೆ ಅವಳು ಮಾತಾಡಿದ್ದರೆ ತಾನೆ.

ಆ ದಿನದಿಂದ ಅವನಿಗೆ ಇನ್ನೊಂದು ಯೋಚನೆ ಇಲ್ಲ. ಗುಣ ಆಗಲಿ ಅಂತ ದೇವರಿಗೆ ಕೈ ಮುಗಿದ, ಬನಶಂಕರಿ ಗುಡಿಗೂ ಹೋಗಿ ಬಂದ, ಆದರೆ ಒಳಗೆ ಕೊರೀತಿದ್ದದ್ದು ಬೇರೆ. ಈ ಹನ್ನೆರಡು ದಿನದಲ್ಲಿ ಒಂದು ಸಲ, ಒಂದೇ ಒಂದು ಸಲ, ಅವಳು ತನ್ನ ಧ್ವನಿಯಲ್ಲಿ ತನ್ನೆದುರು ಮನಸ್ಸು ಬಿಚ್ಚಿ ಮಾತಾಡಬೇಕು. ಬೈದರೂ ಸರಿ. ಇಲ್ಲದಿದ್ದರೆ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳ ಕೊನೆಯ ಮಾತು ಗ್ಯಾಸ್ ಬುಕ್ ಮಾಡಿ ಅನ್ನೋದೇ ಆಗುತ್ತೆ. ನನಗೆ ಗೊತ್ತಾಯ್ತು ಜಯಾ, ಅಂತ ಆ ಸಂಜೆಯೇ ಹೇಳಿದ. ಅವಳು ಹುರುಳಿಕಾಯಿ ಹೆಚ್ಚೋದನ್ನ ನಿಲ್ಲಿಸಲಿಲ್ಲ. ಡಾಕ್ಟರು ಜಾಸ್ತಿ ಮಾತಾಡಬೇಡಿ ಅಂದಿದಾರೆ, ಅಂದಳು.

ಜಾಸ್ತಿ ಮಾತಾಡಬಾರದು ಅಂತೆ. ಅಂಜನಾ ಬಂದ ಮೇಲೆ ನೋಡಬೇಕಿತ್ತು. ಹನ್ನೆರಡು ವರ್ಷ ಆ ಮನೆಯ ಗೇಟು ಮುಟ್ಟದಿದ್ದವಳು ಅಕ್ಕನಿಗಾಗಿ ಬ್ಯಾಗ್ ಹಿಡಿದು ಬಂದಳು. ಆಫೀಸಿಗೆ ರಜೆ ಹಾಕಿದ್ದಳು. ಭಾವನನ್ನ ನೋಡಿ, ಚೆನ್ನಾಗಿದೀರಾ, ಅಂದು ಒಳಗೆ ಹೋದಳು, ಅಷ್ಟೇ. ಅಡಿಗೆಮನೆ ಬಾಗಿಲು ಮುಚ್ಚಿದರೆ ಅಕ್ಕ ತಂಗಿಯ ಮಾತು ಹೊಳೆ ಹರಿದ ಹಾಗೆ. ಇವನು ಹಾಲ್‌ನಲ್ಲಿ ಪೇಪರ್ ಹಿಡಿದು ಕೂತರೆ ಗುಸುಗುಸು ಮಾತ್ರ ಕೇಳಿಸೋದು. ಹತ್ತಿರ ಹೋದರೆ ಅದೂ ಇಲ್ಲ. ಹನ್ನೆರಡರಲ್ಲಿ ನಾಲ್ಕು ದಿನ ಹೀಗೇ ಕಳೀತು.

ಐದನೇ ದಿನ ಶಶಿಕಾಂತ ಒಂದು ಕೆಲಸ ಮಾಡಿದ. ಇಂಥಾ ಕೆಲಸ ಅವನಿಗೆ ಬಿಟ್ಟು ಇನ್ನಾರಿಗೂ ಹೊಳೀತಿರಲಿಲ್ಲ. ಹಳೇ ಫೋನನ್ನ ಚಾರ್ಜ್ ಮಾಡಿ, ರೆಕಾರ್ಡಿಂಗ್ ಒತ್ತಿ, ಅಡಿಗೆಮನೆಯ ಶೆಲ್ಫಿನಲ್ಲಿ ರವೆ ಡಬ್ಬದ ಹಿಂದೆ ಇಟ್ಟು ಬಂದ. ಬರೆಯೋಕಲ್ಲ, ಶಿವನಾಣೆ ಬರೆಯೋಕಲ್ಲ. ಹೋಗೋ ಧ್ವನಿಯನ್ನ ಒಂದಿಷ್ಟು ಹಿಡಿದಿಟ್ಟುಕೊಳ್ಳೋಣ ಅಂತ. ಸಂಜೆ ಅದನ್ನ ತೆಗೆದುಕೊಂಡು ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿನ ಪಕ್ಕ ಕೂತು ಇಯರ್‌ಫೋನ್ ಹಾಕ್ಕೊಂಡ. ಅವಳ ಧ್ವನಿ ಒಡೆದಿತ್ತು, ಆದರೆ ಆ ಓಟ ಹಾಗೇ ಇತ್ತು. ತಿಪಟೂರಿನಲ್ಲಿ ಅಮ್ಮ ಮಾಡ್ತಿದ್ದ ಒಬ್ಬಟ್ಟಿನ ಸಾರು, ಯಾರದೋ ಮದುವೆಯಲ್ಲಿ ಕಳೆದ ಚಪ್ಪಲಿ, ಮೇಘಶ್ರೀ ಹುಟ್ಟಿದಾಗ ಆಸ್ಪತ್ರೆಯಲ್ಲಿ ಆಯಾಳ ಕಾಟ. ಒಂದು ಕಡೆ ಜೋರಾಗಿ ನಕ್ಕಳು, ನಗು ಕೆಮ್ಮಾಯ್ತು, ಕೆಮ್ಮುತ್ತಲೇ ಮತ್ತೆ ನಕ್ಕಳು. ಅವಳು ನಕ್ಕರೆ ಹೀಗಿರುತ್ತೆ ಅನ್ನೋದೇ ಇವನಿಗೆ ಮರೆತುಹೋಗಿತ್ತು. ಟ್ಯಾಂಕಿಗೆ ತಲೆ ಕೊಟ್ಟು ಅತ್ತ. ಮೂರು ದಿನದ ರೆಕಾರ್ಡಿಂಗಿನಲ್ಲಿ ಅವನ ಹೆಸರು ಒಂದು ಸಲವೂ ಬರಲಿಲ್ಲ. ಬೈಯೋಕೂ ನೆನೆಸಿಕೊಂಡಿರಲಿಲ್ಲ.

ನಾಲ್ಕನೇ ಸಲ ಇಟ್ಟ ದಿನ ಜಯಶೀಲಾ ಉಪ್ಪಿಟ್ಟಿಗೆ ರವೆ ತೆಗೆಯೋಕೆ ಹೋದಳು. ಫೋನನ್ನ ತಂದು ಅವನ ತಿಂಡಿ ತಟ್ಟೆ ಪಕ್ಕ ಇಟ್ಟಳು. ರೆಕಾರ್ಡಿಂಗಿನ ಸಮಯ ಇನ್ನೂ ಓಡ್ತಿತ್ತು. ಅಂಜನಾ ಏನೂ ಕೇಳದೆ ಒಳಗೆ ಹೋಗಿ ಬ್ಯಾಗಿಗೆ ಸೀರೆ ತುಂಬೋಕೆ ಶುರು ಮಾಡಿದಳು.

ನಿನ್ನ ಧ್ವನಿ ಇಟ್ಕೊಳ್ಳೋಕೆ ಜಯಾ, ಅಷ್ಟೇ, ಅಂದ ಅವನು. ಜೀವಮಾನದಲ್ಲಿ ಅಷ್ಟು ನಿಜ ಹೇಳಿದ್ದು ಅದೇ ಮೊದಲು, ಆ ದಿನವೇ ಯಾರೂ ನಂಬಲಿಲ್ಲ. ಅವಳು ಕುರ್ಚಿ ಎಳೆದು ಎದುರಿಗೆ ಕೂತಳು.

"ನಿಮಗೆ ಬೇಕು ಅಂತ ನನ್ನ ಕೇಳಿದ್ರಾ? ಒಂದು ಸಲ ಕೇಳಿದ್ರಾ?"

ಕೇಳಿರಲಿಲ್ಲ. ಕೇಳಬಹುದು ಅನ್ನೋದೇ ಅವನಿಗೆ ಹೊಳೆದಿರಲಿಲ್ಲ ನೋಡಿ. ಇಪ್ಪತ್ತಮೂರು ವರ್ಷ ಕೇಳದೇ ಎತ್ತಿಕೊಂಡು ಅಭ್ಯಾಸ. ಫೋನ್ ಕೈಗೆ ತೆಗೆದುಕೊಂಡು ಅವಳ ಕಣ್ಣೆದುರೇ ಒಂದೊಂದಾಗಿ ಅಳಿಸಿದ. ಒಡೆದ ಧ್ವನಿ, ಒಬ್ಬಟ್ಟಿನ ಸಾರು, ಚಪ್ಪಲಿ, ಆ ನಗು. ಮೇಘಶ್ರೀ ಬಂದು ಇನ್ನೆಲ್ಲೂ ಉಳಿದಿಲ್ಲ ಅಂತ ನೋಡಿ ಖಾತ್ರಿ ಮಾಡಿದಳು. ಅವಳ ಫೋನಿನಲ್ಲಿ ಅಮ್ಮ ತಾನಾಗೇ ಮಾತಾಡಿ ತುಂಬಿಸಿಕೊಟ್ಟದ್ದು ಬೇಕಾದಷ್ಟಿತ್ತು, ಅಡಿಗೆ, ಹಾಡು, ಬುದ್ಧಿಮಾತು. ಅದು ಅವಳದು. ನನಗೂ ಕೊಡು ಅಂತ ಕೇಳೋ ಮುಖ ಇವನಿಗಿರಲಿಲ್ಲ. ಅಂಜನಾ ಅರ್ಧ ತುಂಬಿದ ಬ್ಯಾಗನ್ನ ಅಕ್ಕನ ಮುಖ ನೋಡಿ ಮತ್ತೆ ಬಿಚ್ಚಿದಳು.

ಅದಾದ ಮೇಲೆ ಮೂರು ದಿನ ಅವನು ಯಾರನ್ನೂ ಏನೂ ಕೇಳಲಿಲ್ಲ. ಅಡಿಗೆಮನೆ ಬಾಗಿಲು ಮುಚ್ಚಿದರೆ ತಾನೇ ಎದ್ದು ಕೆಳಗೆ ಹೋಗಿ ಗೇಟಿನ ಹತ್ತಿರ ನಿಂತಿರ್ತಿದ್ದ. ಆಸ್ಪತ್ರೆಗೆ ಸೇರೋಕೆ ಮುಂಚಿನ ದಿನ, ಮಧ್ಯಾಹ್ನ ಊಟ ಆದ ಮೇಲೆ, ಜಯಶೀಲಾ ಬಂದು ಬನ್ನಿ ಅಂದಳು. ಹಿಂದಿನ ಬಾಲ್ಕನಿಯಲ್ಲಿ, ಒಣಹಾಕಿದ ಬಟ್ಟೆ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಳು. ಫೋನ್ ಒಳಗಿಟ್ಟು ಬನ್ನಿ, ಪೆನ್ನೂ, ಅಂದಳು. ಅವನು ಜೇಬನ್ನ ಬರಿದು ಮಾಡಿ ತೋರಿಸಿ ಕೂತ.

ಎರಡೂವರೆಗೆ ಶುರು ಮಾಡಿದವಳು ಬೀದಿಗೆ ಸ್ಕೂಲ್ ವ್ಯಾನ್ ಬರೋವರೆಗೂ ಮಾತಾಡಿದಳು. ನಡುನಡುವೆ ಬಿಸಿನೀರು ಕುಡಿಯೋಳು. ಅಂಜನಾ ಕೋರ್ಟಿನ ಮೆಟ್ಟಿಲು ಹತ್ತಿದ ದಿನ ತಾನು ಅವಳ ಜೊತೆ ಹೋಗಿದ್ದು, ಮನೆಗೆ ಬಂದು ಇವನಿಗೆ ಚಪಾತಿ ಲಟ್ಟಿಸಿದ್ದು. ತನ್ನ ಅಮ್ಮ ಸಾಯೋವಾಗ ಆಡಿದ ಮಾತನ್ನ ಇವನು ಕೇಳಿಸಿಕೊಂಡುಬಿಡ್ತಾನೆ ಅಂತ ಹೆದರಿ ಇವನನ್ನ ಬೇಕಂತಲೇ ಔಷಧಿ ಅಂಗಡಿಗೆ ಅಟ್ಟಿದ್ದು. ಕುತ್ತಿಗೆಯ ತೂತಿನಲ್ಲಿ ಉಸಿರಾಡೋದು, ಅದರೊಳಗೆ ನೀರು ಹೋಗೋದು ನೆನೆಸಿಕೊಂಡರೆ ಸ್ನಾನಕ್ಕೆ ಹೋಗೋಕೂ ಹೆದರಿಕೆ ಆಗೋದು. ಸಿಟ್ಟಿಲ್ಲ, ಅಳು ಇಲ್ಲ, ಪಕ್ಕದ ಮನೆ ಸುದ್ದಿ ಹೇಳೋ ಹಾಗೆ ಹೇಳಿದಳು. ಅಂಜನಾಳ ಮನೆ ಮುರಿದ ವಾರವೇ ತಾನೂ ಈ ಮನೆ ಬಿಟ್ಟು ಹೊರಡೋಳಿದ್ದೆ ಅಂತಲೂ ಹೇಳಿದಳು. ಮತ್ತೆ ಯಾಕೆ ಹೋಗಲಿಲ್ಲ ಅಂತ ಅವನು ಕೇಳಿದ.

"ಮೇಘಂಗೆ ಪರೀಕ್ಷೆ ಇತ್ತು. ಅದು ಮುಗಿಯೋ ಹೊತ್ತಿಗೆ ಪೆಟ್ಟಿಗೆ ಕಟ್ಟೋಕೆ ನಂಗೇ ಬೇಜಾರಾಯ್ತು. ಅಷ್ಟೇ ಕಣ್ರೀ."

ವ್ಯಾನು ಹಾರ್ನ್ ಹೊಡೀತು. ಗಂಟಲು ನೋಯ್ತಾ ಇದೆ ಅಂತ ಅವಳು ಎದ್ದಳು. ಶಶಿಕಾಂತ ಅಲ್ಲೇ ಕೂತಿದ್ದ. ಕೇಳಿದ ಮಾತಲ್ಲಿ ಒಂದೂ ಸಿಹಿ ಇರಲಿಲ್ಲ, ಆದರೂ ಎದೆ ತುಂಬಿತ್ತು. ಅವಳು ತಾನಾಗಿ ಕೊಟ್ಟದ್ದು ಅದು. ಇದನ್ನ ಬರೆಯೋದಿಲ್ಲ, ಯಾರಿಗೂ ಹೇಳೋದಿಲ್ಲ, ಸಾಯೋವರೆಗೂ ಹೀಗೇ ಇಟ್ಕೋತೀನಿ ಅಂತ ಮನಸ್ಸಿನಲ್ಲೇ ಅಂದುಕೊಂಡ.

ಆಪರೇಷನ್ ಒಂಬತ್ತು ಗಂಟೆ ಹಿಡೀತು. ಐಸಿಯುನಲ್ಲಿ ನಾಲ್ಕು ದಿನ, ವಾರ್ಡಿನಲ್ಲಿ ಹತ್ತು. ಮೂಗಿನಲ್ಲಿ ಊಟದ ಟ್ಯೂಬು, ಕುತ್ತಿಗೆಯಲ್ಲಿ ಇನ್ನೊಂದು. ಒಳಗೆ ಒಬ್ಬರಿಗೇ ಬಿಡೋದು, ಅವಳು ಅಂಜನಾಳನ್ನ ಕೈ ಮಾಡಿ ಕರೆಯೋಳು. ಇವನು ಕಾರಿಡಾರಿನ ಸ್ಟೀಲ್ ಬೆಂಚಿನಲ್ಲಿ ಕೂತು ಆ ಮಧ್ಯಾಹ್ನವನ್ನ ಮೊದಲಿಂದ ಕೊನೆತನಕ ಮನಸ್ಸಿನಲ್ಲೇ ಹೇಳ್ಕೊಳ್ಳೋನು. ಮರೆತುಹೋಗಬಾರದಲ್ಲ. ಬೆಳಿಗ್ಗೆ ಒಂದು ಸಲ, ಕ್ಯಾಂಟೀನಿನಿಂದ ಬಂದ ಮೇಲೆ ಒಂದು ಸಲ, ಮಲಗೋ ಮುಂಚೆ ಒಂದು ಸಲ. ಹೇಳಿಕೊಳ್ತಾ ಹೇಳಿಕೊಳ್ತಾ ಅದು ಎಷ್ಟು ಸಲೀಸಾಗಿ ಬರ್ತಿದೆ ಅಂತ ಅವನಿಗೆ ಸಮಾಧಾನವೂ ಆಗ್ತಿತ್ತು. ಎಲ್ಲಿ ಉದ್ದವಾಯ್ತೋ ಅಲ್ಲಿ ತಾನಾಗೇ ಚಿಕ್ಕದಾಗೋದು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲೋದು. ಇಷ್ಟು ಸಲೀಸಾಗಿ ಯಾರೂ ಮಾತಾಡೋದಿಲ್ಲ ಅನ್ನೋದು ಡೈಲಾಗ್ ಬರೆದವನಿಗೇ ಹೊಳೀಲಿಲ್ಲ.

ಮನೆಗೆ ಕರೆದುಕೊಂಡು ಬಂದು ಎರಡು ವಾರ ಆಗಿತ್ತು. ಏನಾದರೂ ಹೇಳಬೇಕಾದರೆ ಜಯಶೀಲಾ ಒಂದು ಬಿಳೀ ಸ್ಲೇಟಿನ ಮೇಲೆ ಮಾರ್ಕರಿನಲ್ಲಿ ಬರೆಯೋಳು. ಅಂಜನಾ ಆಫೀಸಿಗೆ ಹೋಗಿದ್ದಳು, ಮೇಘಶ್ರೀ ಒಳಗೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಬೆಳಗಿನ ಹತ್ತರ ಬಿಸಿಲು ಹಾಲ್‌ನೊಳಗೆ ಬಂದಿತ್ತು. ಶಶಿಕಾಂತ ಹೆಂಡತಿಯ ಪಕ್ಕ ಕೂತು, ಕುತ್ತಿಗೆಗೆ ಕಟ್ಟಿದ ಬಟ್ಟೆ ನೆಟ್ಟಗೆ ಮಾಡಿ, ಇಷ್ಟು ದಿನ ತಡೆಹಿಡಿದದ್ದನ್ನ ಹೇಳಿಯೇಬಿಟ್ಟ.

"ಜಯಾ, ಅವತ್ತು ನೀನು ಅಂದ್ಯಲ್ಲ, ಹೊರಟೇಬಿಟ್ಟಿದ್ದೆ, ಹೊಸಿಲು ದಾಟೋಕೆ ಮಾತ್ರ ಕಾಲು ಬರ್ಲಿಲ್ಲ ಅಂತ. ಆ ಒಂದು ಮಾತಲ್ಲಿ ನಾನು ಬದುಕಿದೀನಿ ಕಣೇ."

ಜಯಶೀಲಾ ಅವನ ಮುಖವನ್ನೇ ನೋಡಿದಳು. ಆಮೇಲೆ ಸ್ಲೇಟನ್ನ ತೊಡೆಯ ಮೇಲೆ ಎಳೆದುಕೊಂಡು ದುಂಡಗೆ ಬರೆದು ಅವನ ಕಡೆ ತಿರುಗಿಸಿದಳು. ನಾನು ಹಾಗೆ ಹೇಳ್ಲಿಲ್ಲ.

ಅವನು ನಗೋಕೆ ಹೋದ, ಆಗಲಿಲ್ಲ. ಬಾಲ್ಕನಿ ನೆನಪಿಗೆ ಬಂತು, ಪ್ಲಾಸ್ಟಿಕ್ ಕುರ್ಚಿ ಬಂತು, ಅವಳು ಬಿಸಿನೀರಿನ ಲೋಟ ಹಿಡಿದ ರೀತಿ ಬಂತು. ಯಾಕೆ ಹೋಗಲಿಲ್ಲ ಅಂತ ತಾನು ಕೇಳಿದ್ದೂ ಬಂತು. ಅದಕ್ಕೆ ಉತ್ತರ ಅಂತ ಹುಡುಕಿದರೆ ಹೊಸಿಲು, ಕಾಲು. ಅದರ ಹಿಂದೆ ಏನಿತ್ತು ಅಂತ ತಡಕಿದರೆ ಮತ್ತೂ ಹೊಸಿಲು. ಅವಳ ಒಡೆದ ಧ್ವನಿಯಲ್ಲೇ ಅದು ಕೇಳಿಸ್ತಿತ್ತು, ಒಂದಕ್ಷರ ತಪ್ಪದೆ.

"ಮತ್ತೆ ಏನಂದೆ ಜಯಾ?"

ಅವಳು ಮಾರ್ಕರಿನ ಮುಚ್ಚಳ ತೆಗೆದಳು. ಸ್ವಲ್ಪ ಹೊತ್ತು ಸ್ಲೇಟಿನ ಮೇಲೆ ಹಿಡಿದಿದ್ದಳು. ಆಮೇಲೆ ಮುಚ್ಚಳ ಹಾಕಿ, ಬರೆದದ್ದನ್ನ ಬಟ್ಟೆಯಿಂದ ಒರೆಸಿ, ಔಷಧಿ ಹೊತ್ತಾಯ್ತು ಅಂತ ಒಳಗಿದ್ದ ಮಗಳನ್ನ ಕರೆಯೋಕೆ ಕುರ್ಚಿಯ ಕೈಯನ್ನ ಎರಡು ಸಲ ತಟ್ಟಿದಳು.